ಅಕ್ಕ ಬಾಯಿ ಮುಚ್ಚಿ ಕೂತ ವರ್ಷ

ಜನವರಿ 2

ಈ ಡೈರಿ ನಮ್ಮ ಹಲ್ಲಿನ ಅಂಗಡಿಗೆ ಅಚ್ಚು ಎರೆಯುವ ಬಿಳಿ ಪುಡಿ ಮಾರುವ ಅಚ್ಚುಪುಡಿ ಕಂಪನಿಯವರು ಕೊಟ್ಟದ್ದು. ಮೊದಲ ಪುಟದಲ್ಲಿ ‘ಈ ವರ್ಷ ನಾನು ಸಾಧಿಸಬೇಕಾದ್ದು’ ಎಂದು ಅಚ್ಚು ಹಾಕಿ ಕೆಳಗೆ ಐದು ಗೆರೆ ಎಳೆದಿದ್ದಾರೆ. ಐವತ್ತೊಂದನೆಯ ವಯಸ್ಸಿನಲ್ಲಿ ಒಂದು ಗೆರೆ ತುಂಬಿದರೂ ಹೆಚ್ಚು. ಮೊದಲನೆಯದರಲ್ಲಿ ‘ಒಂದು ತಲೆ’ ಎಂದು ಬರೆದೆ. ಓದಿದವರು ಕೊಲೆಗಾರನ ಡೈರಿ ಎಂದುಕೊಂಡಾರು. ಓದುವವರು ಯಾರೂ ಇಲ್ಲ.

ಇಪ್ಪತ್ತಾರು ವರ್ಷದಿಂದ ಹಲ್ಲು ಕಟ್ಟುತ್ತಿದ್ದೇನೆ. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ. ಅದರ ಮೇಲೆ ಮೇಣದಲ್ಲಿ ಒಸಡು ಎಬ್ಬಿಸಿ, ಹಲ್ಲು ಕೂರಿಸಿ, ಸೆಟ್ಟು ಮಾಡಿ ಹಿಂದಕ್ಕೆ ಕಳಿಸುತ್ತೇವೆ. ಬಾಯಿಯ ಒಡೆಯರು ನಮಗೆ ಕಾಣುವುದಿಲ್ಲ. ಟ್ರೇ ಮೇಲೆ ಒಂದು ನಂಬರು ಇರುತ್ತದೆ, ಅಷ್ಟೆ. ಇಷ್ಟು ವರ್ಷದಲ್ಲಿ ನಾನು ಮಾಡಿದ್ದೆಲ್ಲ ಯಾರೋ ಹೇಳಿ ಮಾಡಿಸಿದ್ದು, ಯಾರದೋ ಅಳತೆಯದ್ದು, ರಾತ್ರಿ ಲೋಟದ ನೀರಿನಲ್ಲಿ ಮುಳುಗಿರುವಂಥದ್ದು. ಮಣ್ಣಿನಲ್ಲಿ ಮೂರ್ತಿ ಮಾಡುವ ಸಂಜೆ ತರಗತಿಗೆ ಹೋಗಲು ಶುರು ಮಾಡಿ ಮೂರು ವರ್ಷವಾಯಿತು. ಮಂಗಳವಾರ, ಗುರುವಾರ. ಮೇಷ್ಟ್ರು ಹೋದ ತಿಂಗಳು ನನ್ನ ಬೆರಳು ಹಿಡಿದು ನೋಡಿ ಅಂದರು: “ಕೈ ಚೆನ್ನಾಗಿದೆ ರೀ. ಆದ್ರೆ ಇದು ಹೇಳಿದ ಮಾತು ಕೇಳೋ ಕೈ.” ಅಂದಿನಿಂದ ಕೈಗೆ ನಿದ್ದೆಯಿಲ್ಲ.

ಡಿಸೆಂಬರಿನ ಮೂರನೆಯ ವಾರ ವೈದ್ಯರು ಅಕ್ಕನ ಕೊನೆಯ ಏಳು ಹಲ್ಲು ತೆಗೆದರು. ಊತ ಇಳಿದ ಮೇಲೆ, ಮೊನ್ನೆ ಬೆಳಿಗ್ಗೆ ಕಿಟಕಿಯ ಹತ್ತಿರ ಅವಳು ಪತ್ರಿಕೆ ಓದುತ್ತ ಕೂತಿದ್ದಾಗ ನೋಡಿದೆ. ತುಟಿ ಒಳಕ್ಕೆ ಮಡಚಿಕೊಂಡಿದೆ. ಮೂಗು ಗದ್ದಕ್ಕೆ ಏನೋ ಗುಟ್ಟು ಹೇಳಲು ಬಗ್ಗಿದಂತಿದೆ. ಕೆನ್ನೆಯಲ್ಲಿ ಎರಡು ಕುಳಿ. ಇಪ್ಪತ್ತಾರು ವರ್ಷ ನಾನು ಮುಚ್ಚುತ್ತ ಬಂದದ್ದು ಇದನ್ನು. ಒಮ್ಮೆಯೂ ಇದನ್ನು ಇದ್ದ ಹಾಗೆ ಬಿಟ್ಟಿಲ್ಲ.

ಅಕ್ಕನ ತಲೆಯನ್ನು ಮಣ್ಣಿನಲ್ಲಿ ಮಾಡಬೇಕು, ಒಂದು ಬಾಯಿಯನ್ನಾದರೂ ತುಂಬದೆ ಬಿಡಬೇಕು. ಈ ವರ್ಷದ ಕೆಲಸ ಅದು.

ಜನವರಿ 4

ಕೇಳಿಬಿಟ್ಟೆ.

“ಅಕ್ಕ, ಸ್ವಲ್ಪ ದಿನ ಹೀಗೇ ಇರ್ತೀಯಾ?”

“ಹೀಗೇ ಅಂದ್ರೆ?”

“ಹಲ್ಲಿಲ್ದೆ.”

ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಈ ಕೈ ಹೊಸದು, ಹದಿನೈದು ದಿನದ ಅಭ್ಯಾಸ. “ಊರಿಗೆಲ್ಲ ಹಲ್ಲು ಕಟ್ಟೋನ ಮನೇಲಿ ಅಕ್ಕ ಬೊಚ್ಚುಬಾಯಿ. ದೀಪದ ಬುಡದಲ್ಲೇ ಕತ್ತಲೆ. ಯಾಕೋ, ಮೇಣ ಖಾಲಿಯಾಯ್ತಾ?”

ತಲೆಯ ವಿಷಯ ಹೇಳಿದೆ. ಹಲ್ಲು ಹಾಕಿದರೆ ಈ ಮುಖ ಹೋಗಿಬಿಡುತ್ತದೆ ಎಂದೆ. ಒಸಡು ಆರಲು ಹೇಗೂ ಎರಡು ತಿಂಗಳು ಬೇಕು ಎಂದೆ.

“ಎರಡು ತಿಂಗಳಾದ ಮೇಲೆ?”

“ನಿನ್ನದೇ ಮೊದಲ ಸೆಟ್ಟು. ನಾನೇ ಕೂತು ಕಟ್ತೀನಿ. ಯಾವ ಮಹಾರಾಣಿಗೂ ಅಂಥದ್ದು ಇರಬಾರದು.”

“ನಿನ್ನ ಹಾಲುಹಲ್ಲಿಗೆ ದಾರ ಕಟ್ಟಿ ಎಳೆದವಳು ನಾನಲ್ವಾ, ಆ ಸೇಡು ಇದು,” ಎಂದಳು. “ಆಗ್ಲಿ ಬಿಡು. ಆದ್ರೆ ಈ ವರ್ಷ ನಂದೂ ಒಂದಿದೆ, ಅದಕ್ಕೆ ಹಲ್ಲು ಬೇಕು.”

ಅವಳದ್ದು ಕಥೆ. ಅಂಚೆ ಕಚೇರಿಯ ಕಿಟಕಿಯ ಹಿಂದೆ ಮೂವತ್ತನಾಲ್ಕು ವರ್ಷ ಕೂತು ನಿವೃತ್ತಳಾದ ಮೇಲೆ ಶನಿವಾರ ಮಕ್ಕಳ ಗ್ರಂಥಾಲಯದಲ್ಲಿ ಕಥೆ ಓದುತ್ತಾಳೆ. ಈ ವರ್ಷ ಪುಸ್ತಕ ಬಿಟ್ಟು ತಾನೇ ಕಟ್ಟಿದ್ದನ್ನು ಹೇಳುತ್ತಾಳಂತೆ. ವಿಳಾಸ ಅಳಿಸಿಹೋದ ಕಾಗದಗಳನ್ನು ಚೀಲದಲ್ಲಿ ಹೊತ್ತು, ಅವು ಯಾರವು ಎಂದು ಮನೆಮನೆ ಬಾಗಿಲು ತಟ್ಟಿ ವಿಚಾರಿಸುವ ಕರಡಿಯ ಕಥೆ. ಶನಿವಾರಕ್ಕೊಂದು ಮನೆ, ವರ್ಷವಿಡೀ ಸಾಕಾಗುವಷ್ಟಿದೆಯಂತೆ.

ಕರಡಿ ಕಾಯಬಹುದು. ಕರಡಿಗಳು ಚಳಿಗಾಲವಿಡೀ ಮಲಗಿಯೇ ಇರುತ್ತವೆ.

ಜನವರಿ 17

ಅಕ್ಕ ಗ್ರಂಥಾಲಯಕ್ಕೆ ಹೋಗಿ ಬೇಗ ಬಂದಳು. ಚಪ್ಪಲಿ ಬಿಡುತ್ತಲೇ ಶುರು ಮಾಡಿದಳು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೆನ್ನೆ ಒರೆಸಿಕೊಂಡಳಂತೆ, ಅಕ್ಕನ ಉಗುಳು ಸಿಡಿದು. ಇನ್ನೊಬ್ಬ ಬಾಯಿ ಒಳಗೆಳೆದುಕೊಂಡು ಅವಳಂತೆ ಮಾತಾಡಿ ತೋರಿಸಿದನಂತೆ. ಎಲ್ಲರೂ ನಕ್ಕರು. ಇವಳೂ ನಕ್ಕಳು.

“ನಾನು ಹೇಳೋದು ನಂಗೇ ಗೊತ್ತಾಗ್ತಿಲ್ಲ ಕಣೋ. ಗಾಳಿ ಎಲ್ಲ ಸೋರಿಹೋಗುತ್ತೆ. ಪಂಕ್ಚರ್ ಆದ ಸೈಕಲ್ ಕಥೆ ಹೇಳಿದ ಹಾಗಿತ್ತು.” ಗ್ರಂಥಾಲಯದವಳಿಗೆ ಎರಡು ತಿಂಗಳು ರಜೆ ಹೇಳಿ ಬಂದಿದ್ದಾಳೆ. ಕುರ್ಚಿ ಹಾಗೇ ಇಟ್ಟಿರುತ್ತೇನೆ ಎಂದಳಂತೆ ಅವಳು.

ಹೇಳುವಾಗ ಅಕ್ಕನ ತುಟಿಯ ಮೂಲೆ ಒಂದು ಬಗೆಯಲ್ಲಿ ನಡುಗಿತು. ಪೆನ್ಸಿಲ್ ಹತ್ತಿರ ಇರಲಿಲ್ಲ.

ಫೆಬ್ರವರಿ 1

ತಲೆಗೆ ಅಕ್ಕ ಮಾದರಿಯಾಗಿ ಕೂರುವ ಭಾನುವಾರದ ಕೂರಿಕೆ ಶುರುವಾಗಿದೆ, ಇದು ಮೂರನೆಯದು. ಹಿಂದಿನ ಕೋಣೆಯ ಕಿಟಕಿಯ ಬಳಿ ಅವಳ ಕುರ್ಚಿ, ನಡುವೆ ತಿರುಗುಮಣೆ, ಮಣೆಯ ಮೇಲೆ ಮಣ್ಣು. ಎದ್ದು ಹೋಗುವಾಗ ಮಣ್ಣು ಒಣಗದಂತೆ ಒದ್ದೆ ಬಟ್ಟೆ ಸುತ್ತಿಡುತ್ತೇನೆ. ಬಟ್ಟೆ ಅಕ್ಕನ ಹಳೆಯ ಹೊದಿಕೆಯದು.

ನಮ್ಮ ಕಸುಬಿನಲ್ಲಿ ಮೊದಲ ಅಳತೆ ಮುಖದ್ದು. ಮೂಗಿನ ತುದಿಗೆ ಒಂದು ಚುಕ್ಕಿ, ಗದ್ದಕ್ಕೆ ಒಂದು ಚುಕ್ಕಿ, ನಡುವಿನ ದೂರ. ಹಲ್ಲು ಹೋದವರಲ್ಲಿ ಇದು ಕುಗ್ಗುತ್ತದೆ. ಎಷ್ಟು ಕುಗ್ಗಿದೆಯೋ ಅಷ್ಟನ್ನು ಎತ್ತಿ ಕೊಟ್ಟರೆ ಹತ್ತು ವರ್ಷ ಹಿಂದಿನ ಮುಖ ಎದ್ದು ಕೂರುತ್ತದೆ. ಅಂಗಡಿಯ ಕೈವಾರ ತಂದು ಅಕ್ಕನದನ್ನು ಅಳೆದೆ. ಐವತ್ತೆರಡು ಮಿಲಿಮೀಟರ್. ಹಲ್ಲಿದ್ದಾಗ ಅರವತ್ತು ಇದ್ದಿರಬೇಕು. ಮಣ್ಣಿನಲ್ಲೂ ಐವತ್ತೆರಡೇ ಇಟ್ಟೆ. ಅದನ್ನು ಇಡುವಾಗ ಏನೋ ತಪ್ಪು ಮಾಡುತ್ತಿರುವಂತೆ ಕೈ ಹಿಂಜರಿಯಿತು. ಕೈಯನ್ನು ಗದರಿಸಿದೆ.

ಅಕ್ಕ ಸುಮ್ಮನೆ ಕೂರುವುದಿಲ್ಲ. ಪಕ್ಕದ ಮನೆಯ ಜಗಳ, ಅಂಚೆ ಕಚೇರಿಯ ಹಳೆಯ ಸಾಹೇಬ, ಕರಡಿ. “ಈ ವಾರ ಕರಡಿ ದರ್ಜಿ ಮನೆಗೆ ಹೋಗುತ್ತೆ. ದರ್ಜಿ ಕಾಗದ ಓದೋ ಬದಲು ಅದರ ಅಳತೆ ತಗೋತಾನೆ.” ಮಾತಾಡಿದಷ್ಟೂ ಕೆನ್ನೆಯ ಕುಳಿ ಜಾಗ ಬದಲಾಯಿಸುತ್ತದೆ. ಬಾಯಿ ಮುಚ್ಚಿಕೊಂಡು ಕೂರು ಎಂದೆ. ಕೂತಳು, ಎರಡು ನಿಮಿಷ.

ಮಾರ್ಚ್ 15

ಒಸಡು ಪೂರ್ತಿ ಆರಿದೆ, ಅಚ್ಚು ತೆಗೆಯಬಹುದು ಎಂದು ವೈದ್ಯರು ಹೇಳಿದರಂತೆ. ಅಕ್ಕ ಅದನ್ನು ಹೇಳಿದ್ದು ಸೇಬು ತುರಿಯುತ್ತ. ಸೇಬನ್ನು ಕಚ್ಚಿಯೇ ತಿನ್ನುವವಳು ಅವಳು. ಆ ಸದ್ದಿಗೆ ನಾನು ಎಚ್ಚರಗೊಂಡ ಬೆಳಗುಗಳಿವೆ. ಈಗ ತುರಿದು, ಚಮಚದಲ್ಲಿ, ಗೋಡೆಯ ಕಡೆ ತಿರುಗಿ.

“ಹಣೆ ಈಗಷ್ಟೇ ಬಂದಿದೆ ಅಕ್ಕ. ಬಾಯಿಗೆ ಕೈ ಹಾಕೇ ಇಲ್ಲ. ಏಪ್ರಿಲ್ ಕೊನೆ.”

“ಹಣೆ ಮಾಡೋಕೆ ಹಲ್ಲಿಲ್ಲದಿರಬೇಕಾ?”

ಒಂದು ಮುಖದಲ್ಲಿ ಎಲ್ಲವೂ ಎಲ್ಲಕ್ಕೂ ಸೇರಿರುತ್ತದೆ ಎಂದು ವಿವರಿಸಿದೆ. ಚೆನ್ನಾಗಿಯೇ ವಿವರಿಸಿದೆ. ಅವಳು ತಲೆಯಾಡಿಸಿ, ತಟ್ಟೆ ತೊಳೆಯಲು ಹೋದಳು.

ಏಪ್ರಿಲ್ 26

ಬಾಯಿಯ ಕೆಲಸ ಶುರುವಾಯಿತು. ಈ ಕುಸಿತ ಎಷ್ಟು ಸುಂದರ. ಮೇಲಿನ ತುಟಿಯಿಂದ ಎಂಟು ಗೆರೆ ಇಳಿಯುತ್ತವೆ, ಚೀಲದ ಬಾಯಿಗೆ ದಾರ ಎಳೆದು ಬಿಗಿದಂತೆ. ಎಣಿಸಿದ್ದೇನೆ.

ಅಕ್ಕ ಕೇಳಿದಳು, ಏಪ್ರಿಲ್ ಮುಗಿಯಿತಲ್ಲ ಎಂದು. ಜೂನ್ ಎಂದೆ. ಆಮೇಲೆ ಕೂತಲ್ಲಿಂದಲೇ ಅಂದಳು: “ಅಮ್ಮ ಹೋದಾಗ ನಿಂಗೆ ಒಂಬತ್ತು. ನಂಗೆ ಹತ್ತೊಂಬತ್ತು. ಆ ವರ್ಷ ನಾನು ನಾಟಕದ ಶಾಲೆಗೆ ಸೇರಬೇಕಿತ್ತು, ಗೊತ್ತಾ ನಿಂಗೆ?”

ಗೊತ್ತಿರಲಿಲ್ಲ.

“ನಿನ್ನ ಶಾಲೆ ಮುಗೀಲಿ ಅಂದ್ಕೊಂಡೆ. ಆಮೇಲೆ ನಿನ್ನ ಹಲ್ಲಿನ ಕೋರ್ಸು. ಆಮೇಲೆ ನಂಗೇ ಮರೆತುಹೋಯ್ತು.”

ತಲೆ ಅಲ್ಲಾಡಿಸಬೇಡ ಎಂದೆ. ಆ ಗಳಿಗೆಯಲ್ಲಿ ನಿಜಕ್ಕೂ ಎಡಗೆನ್ನೆಯ ನೆರಳು ಹಿಡಿಯುತ್ತಿದ್ದೆ. ಸಿಕ್ಕಿತು ಕೂಡ.

ಜೂನ್ 6

ಗ್ರಂಥಾಲಯದವಳು ಬಂದಿದ್ದಳು. ತುಂಬ ಸಂಕೋಚದ ಹೆಂಗಸು, ಕುರ್ಚಿಯ ಅಂಚಿನಲ್ಲೇ ಕೂತಳು. ಐದು ತಿಂಗಳು ಕಾದೆ, ಮಕ್ಕಳು ಕೇಳುತ್ತಾರೆ, ಬೇರೆಯವರನ್ನು ಕೂರಿಸಿಕೊಂಡಿದ್ದೇನೆ ಎಂದಳು. ನಿವೃತ್ತ ರೈಲ್ವೆ ಗಾರ್ಡ್. ಅವನು ಯಾವ ಕಥೆ ಓದಿದರೂ ರೈಲು ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಕೂಗುವ ಹಾಗೆಯೇ ಇರುತ್ತದಂತೆ.

“ಮಕ್ಕಳು ಸಮಯಕ್ಕೆ ಸರಿಯಾಗಿ ಮನೆ ಸೇರ್ತಾವಲ್ಲ, ಸಾಕು,” ಎಂದಳು ಅಕ್ಕ. ಅವಳು ಹೋದ ಮೇಲೆ ಲೋಟ ಎತ್ತಿಟ್ಟು, ಮೇಜು ಒರೆಸಿ, ಮತ್ತೆ ಒರೆಸಿದಳು.

“ಇನ್ನು ಆತುರ ಇಲ್ಲ,” ಎಂದಳು ನನಗೆ. “ನಿಧಾನಕ್ಕೆ ಮಾಡ್ಕೋ.”

ಬಹಳ ಸಮಾಧಾನವಾಯಿತು. ಜೂನ್ ಗಡುವು ಮನಸ್ಸಿನ ಮೇಲೆ ಕೂತಿತ್ತು.

ಜೂನ್ 7

ಒಳ್ಳೆಯ ಕೂರಿಕೆ. ಮೂರು ಗಂಟೆ. ಒಂದು ಮಾತಿಲ್ಲ.

ಆಗಸ್ಟ್ 16

ಹತ್ತು ದಿನ ಅಂಗಡಿಯಲ್ಲಿ ಉಸಿರಾಡಲು ಬಿಡುವಿರಲಿಲ್ಲ. ಯಜಮಾನರು ಹೊಸ ಆಸ್ಪತ್ರೆಯೊಂದರ ಕೆಲಸ ಹಿಡಿದಿದ್ದಾರೆ. ಬಟ್ಟೆ ಒದ್ದೆ ಮಾಡುವುದು ಮರೆತುಹೋಯಿತು. ಇವತ್ತು ಬಿಚ್ಚಿದರೆ ಕಿವಿಯಿಂದ ಗದ್ದದವರೆಗೆ ಬಿರುಕು. ಕೆಳದವಡೆ ಕೈಗೆ ಬಂತು, ಹಣ್ಣಾದ ಎಲೆಯ ಹಾಗೆ. ಬಾಯಿಯ ನಾಲ್ಕು ತಿಂಗಳು ನೆಲದ ಮೇಲೆ ಪುಡಿ.

ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. “ನಾನು ದಿನಾ ನೀರು ಹಾಕ್ತಿದ್ದೆ. ಮುಟ್ಟಬೇಡ ಅಂತ ನೀನೇ ಜುಲೈನಲ್ಲಿ ಬೈದೆ.”

ಬೈದಿರಬಹುದು.

ಮಧ್ಯಾಹ್ನವೇ ಹೊಸ ಮಣ್ಣು ಕಲಸಿ ಕೂತೆ. ಕೂರಲು ಅವಳನ್ನು ಕರೆಯಲಿಲ್ಲ. ಅವಳ ಮುಖ ನನಗೆ ಬಾಯಿಪಾಠ. ದವಡೆ, ಗದ್ದ, ತುಟಿ, ಒಂದರ ಹಿಂದೊಂದು ತಾವೇ ಬಂದವು. ಇಷ್ಟು ಸಲೀಸಾಗಿ ಕೈ ಎಂದೂ ನಡೆದಿರಲಿಲ್ಲ. ಏನನ್ನೂ ಅಳೆಯಲಿಲ್ಲ, ಕೈವಾರ ಮುಟ್ಟಲಿಲ್ಲ. ಕಲೆ ಎನ್ನುವುದು ಇದೇ ಇರಬೇಕು. ಮೊದಲ ಬಾರಿ ನನ್ನ ಕೈ ಯಾರ ಮಾತನ್ನೂ ಕೇಳದೆ ಕೆಲಸ ಮಾಡಿತು.

ಆಗಸ್ಟ್ 30

ಪಾಲಿಷ್ ಮನೆಗೆ ಬಂದಿದ್ದಳು. ಅಂಗಡಿಯಲ್ಲಿ ಸೆಟ್ಟುಗಳನ್ನು ಉಜ್ಜಿ ಹೊಳಪು ಕೊಡುವವಳು, ಹನ್ನೆರಡು ವರ್ಷದಿಂದ ನನ್ನ ಪಕ್ಕದ ಮೇಜು. ಈಗ ಹಲ್ಲು ಕೂರಿಸುವುದನ್ನೂ ನನ್ನಿಂದ ಕಲಿಯುತ್ತಿದ್ದಾಳೆ. ಎಲ್ಲರೂ ಪಾಲಿಷ್ ಎಂದೇ ಕರೆಯುವುದು. ಮಾತಿಗೆ ಮಾತ್ರ ಹೊಳಪಿಲ್ಲ.

ತಲೆಯನ್ನು ಮೂರು ಸುತ್ತು ತಿರುಗಿಸಿ ನೋಡಿದಳು.

“ಚೆನ್ನಾಗಿದೆ ಸಾರ್. ಒಳಗೆ ಸೆಟ್ಟು ಇಟ್ಟಿದೀರಾ?”

“ಏನಂದೆ?”

“ಏನಿಲ್ಲ. ತುಟಿ ತುಂಬ್ಕೊಂಡಿದೆ.”

ಅವಳಿಗೇನು ಗೊತ್ತು. ದಿನವಿಡೀ ತಿರುಗುವ ಬ್ರಷ್ ನೋಡಿ ನೋಡಿ ಕಣ್ಣು ಸವೆದಿರುತ್ತದೆ. ಆಮೇಲೆ ಅಡುಗೆಮನೆಯಲ್ಲಿ ಅಕ್ಕನ ಜೊತೆ ಬಹಳ ಹೊತ್ತು ಕೂತಿದ್ದಳು. ಪಾಲಿಷ್ ದನಿ ಮಾತ್ರ ಕೇಳುತ್ತಿತ್ತು. ಹೋಗುವಾಗ ನನ್ನ ಮುಖ ನೋಡದೆ ಚಪ್ಪಲಿ ಹಾಕಿಕೊಂಡಳು.

ಸೆಪ್ಟೆಂಬರ್ 27

ಮಾದರಿ ಈಗ ಚೆನ್ನಾಗಿ ಕೂರುತ್ತದೆ. ಉಸಿರಾಟ ಕೂಡ ಗೊತ್ತಾಗುವುದಿಲ್ಲ. ಕಣ್ಣು ಕಿಟಕಿಯಾಚೆ.

ಕಣ್ಣಿನ ಕೆಲಸ ಮುಗಿಯುವುದಿಲ್ಲ. ಅಲ್ಲಿ ಮೊದಲು ಏನೋ ಇತ್ತು. ಈಗ ಎಷ್ಟು ನೋಡಿದರೂ ನಕಲು ಮಾಡಲು ಸಿಗುತ್ತಿಲ್ಲ.

ಅಕ್ಟೋಬರ್ 22

ತರಗತಿಯಿಂದ ಬೇಗ ಬಂದೆ. ಮನೆಯಲ್ಲಿ ಪುದೀನ ವಾಸನೆ. ಅಂಗಡಿಯಲ್ಲಿ ಕೂತ ಹಾಗೇ ಅನಿಸಿತು; ಬಾಯಿಯೊಳಗಿಟ್ಟು ಅಚ್ಚು ತೆಗೆಯುವ ಪುಡಿಗೆ ಈ ವಾಸನೆ ಬೆರೆಸಿರುತ್ತಾರೆ. ಅಂಗಡಿ ನನ್ನ ಮೂಗಿನೊಳಗೇ ಮನೆ ಮಾಡಿಕೊಂಡಿದೆ. ಅಕ್ಕ ಬಾಯಿ ಮುಕ್ಕಳಿಸುತ್ತಿದ್ದಳು. ಹೊಸ ಔಷಧಿ ಎಂದಳು. ಸರಿ ಎಂದೆ.

ನವೆಂಬರ್ 5

ಪಾಲಿಷ್ ಒಂದು ಟ್ರೇ ತಂದು ನನ್ನ ಮುಂದಿಟ್ಟಳು. ನಂಬರ್ 61. ಮೇಲೆ, ಕೆಳಗೆ, ಎರಡೂ ಒಸಡಿನ ಅಚ್ಚು.

“ಸಾರ್, ಇದು ನಾನೇ ಒಬ್ಬಳೇ ಮಾಡ್ತಿರೋ ಮೊದಲನೇ ಫುಲ್ ಸೆಟ್ಟು. ಕೆಳಗಿಂದು ನಿಲ್ತಿಲ್ಲ. ಎದ್ದು ಎದ್ದು ಬರುತ್ತೆ.”

ಬೆಳಕಿಗೆ ಹಿಡಿದು ನೋಡಿದೆ. ಒಂದೇ ನೋಟಕ್ಕೆ ತಿಳಿಯಿತು. ಹಲ್ಲು ತೆಗೆಸಿದವರನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ನಾಲಿಗೆ ಅಗಲವಾಗುತ್ತದೆ. ಖಾಲಿ ಸೈಟಿನ ಮೇಲೆ ಪಕ್ಕದ ಮನೆಯವನು ಬೇಲಿ ಸರಿಸಿಕೊಂಡು ಬರುವ ಹಾಗೆ. ಆಮೇಲೆ ಸೆಟ್ಟು ಬಂದರೆ ಅದನ್ನು ಎತ್ತಿ ಒಗೆಯುತ್ತದೆ. ಇವನ್ನೆಲ್ಲ ಅವಳಿಗೆ ವಿವರವಾಗಿ ಹೇಳಿದೆ. ಕೆಳಗಿನ ಹಲ್ಲುಗಳನ್ನು ಕಿರಿದಾದವು ಹಾಕಬೇಕು, ಸ್ವಲ್ಪ ಒಳಕ್ಕೆ ತಗ್ಗಿಸಬೇಕು, ನಾಲಿಗೆಯ ಜೊತೆ ಜಗಳಕ್ಕೆ ಹೋಗಬಾರದು. ಮೇಣ ಬಿಸಿ ಮಾಡಿ ನಾನೇ ನಾಲ್ಕು ಹಲ್ಲು ಸರಿಸಿ ತೋರಿಸಿದೆ.

“ಪೂರ್ತಿ ನಿಲ್ಲುತ್ತಾ ಸಾರ್?”

“ಇಲ್ಲ. ಮಾತಾಡುವಾಗ ಒಂದೊಂದು ಸಲ ಸದ್ದು ಬರುತ್ತೆ. ಅದನ್ನ ಯಾರೂ ತೆಗೆಯೋಕಾಗಲ್ಲ. ಹಲ್ಲು ತೆಗೆಸಿದ ಎರಡು ಮೂರು ತಿಂಗಳಲ್ಲೇ ಮಾಡಿಸಬೇಕಿತ್ತು.” ಮತ್ತೆ ಅಚ್ಚನ್ನು ಕೈಯಲ್ಲಿ ತಿರುಗಿಸಿದೆ. “ಯಾರೋ ಪಾಪ. ಮನೇಲಿ ಕೇಳೋರು ಯಾರೂ ಇಲ್ಲ ಅಂತ ಕಾಣುತ್ತೆ.”

“ಇದಾರೆ ಸಾರ್,” ಎಂದಳು ಪಾಲಿಷ್. “ತಮ್ಮ ಇದಾನಂತೆ.”

“ಇದ್ದೂ ಪ್ರಯೋಜನ ಇಲ್ಲ ಬಿಡು.”

ಟ್ರೇ ಎತ್ತಿಕೊಂಡು ಹೋದಳು. ಬಹಳ ದಿನದ ಮೇಲೆ ಯಾರಿಗೋ ಏನನ್ನೋ ಕಲಿಸಿದ ತೃಪ್ತಿ. ಇಂಥ ದಿನಗಳಲ್ಲಿ ಕಸುಬೂ ಕೆಟ್ಟದ್ದೇನಲ್ಲ ಅನಿಸುತ್ತದೆ.

ನವೆಂಬರ್ 17

61 ಮತ್ತೆ ಬಂತು. ಬಣ್ಣ ತೀರಾ ಬಿಳಿ, ಹೊಸ ಬಚ್ಚಲಮನೆಯ ಹಾಗಿದೆ. ಹೆಂಗಸು ಅರವತ್ತು ದಾಟಿದವಳಂತೆ. ಅರವತ್ತರ ಬಾಯಿ ಇಷ್ಟು ಮುಗ್ಧ ಇರಬಾರದು ಎಂದೆ. ಒಂದು ಛಾಯೆ ಇಳಿಸಲು ಹೇಳಿ, ಎಡಗಡೆ ಮೇಲಿನ ಎರಡನೆಯ ಹಲ್ಲಿನ ಅಂಚಿಗೆ ಸಣ್ಣ ಕುಂಚದಿಂದ ಒಂದು ಕಂದು ಗೆರೆ ಎಳೆದುಕೊಟ್ಟೆ. ಇದು ನನ್ನ ಹಳೆಯ ಉಪಾಯ. ಒಂದು ಸಣ್ಣ ಕೊರತೆ ಇಟ್ಟರೆ ಉಳಿದದ್ದನ್ನೆಲ್ಲ ಜನ ನಂಬುತ್ತಾರೆ.

“ನೀವು ಮಾಡಿದ್ರಿ ಅಂತ ಅವರಿಗೆ ಹೇಳ್ಲಾ ಸಾರ್?”

“ಬೇಡ. ಇದು ನಿನ್ನ ಸೆಟ್ಟು.”

ಡಿಸೆಂಬರ್ 8

ತಲೆಯನ್ನು ಅಂಗಡಿಯ ಅಚ್ಚುಪುಡಿಯಲ್ಲೇ ಎರಕ ಹೊಯ್ದೆ. ಬಿಳಿ. ಇಡೀ ತಲೆ ಒಂದು ದೊಡ್ಡ ಹಲ್ಲಿನ ಹಾಗೆ ಕಾಣುತ್ತದೆ. ಮೇಷ್ಟ್ರು ತಾವು ನೋಡುವ ಮೊದಲೇ, ಫೋಟೋ ಮೇಲೆಯೇ, ವರ್ಷಾಂತ್ಯದ ಪ್ರದರ್ಶನಕ್ಕೆ ಸೇರಿಸಿಕೊಂಡರು. ಮಧ್ಯದ ಪೀಠ. ಕೆಳಗೆ ಹಾಕುವ ಚೀಟಿಗೆ ಹೆಸರು ಕೇಳಿದರು. ‘ತುಂಬದ ಬಾಯಿ’ ಎಂದು ಕೊಟ್ಟೆ.

ವರ್ಷದ ಕೊನೆಗೆ ಅಂದುಕೊಂಡದ್ದನ್ನು ಮಾಡಿ ಮುಗಿಸಿದವರು ಎಷ್ಟು ಜನ?

ಇನ್ನು ಅಕ್ಕನ ಅಚ್ಚು ತೆಗೆಯಬೇಕು. ಜನವರಿಯಲ್ಲಿ, ಖಂಡಿತ.

ಡಿಸೆಂಬರ್ 20

ಎಲ್ಲವನ್ನೂ ಬರೆಯಬೇಕು, ಆದ ಕ್ರಮದಲ್ಲಿ.

ಸಭಾಂಗಣದಲ್ಲಿ ಐವತ್ತು ಜನ ಇದ್ದಿರಬಹುದು. ನನ್ನ ಪೀಠದ ಸುತ್ತ ಹತ್ತು ಜನ. ಮೇಷ್ಟ್ರು ಬಂದು ಬಹಳ ಹೊತ್ತು ನೋಡಿದರು. ಚೀಟಿ ಓದಿದರು. ಮತ್ತೆ ತಲೆ ನೋಡಿದರು. ಏನೋ ಹೇಳಲು ಬಾಯಿ ತೆರೆದಾಗ ಬಾಗಿಲಲ್ಲಿ ಅಕ್ಕ ಕಾಣಿಸಿದಳು. ಜೊತೆಗೆ ಪಾಲಿಷ್.

ಅಕ್ಕ ನಗುತ್ತಿದ್ದಳು. ಕೈ ಅಡ್ಡ ಇರಲಿಲ್ಲ.

ನಾನು ಮೊದಲು ನೋಡಿದ್ದು ಅವಳನ್ನಲ್ಲ. ಮುಂದಿನೆರಡು ಹಲ್ಲುಗಳ ನಡುಗೆರೆ ಅರ್ಧ ಮಿಲಿಮೀಟರ್ ಬಲಕ್ಕೆ ಹೋಗಿರುವುದನ್ನು ನೋಡಿದೆ. ಯಾರ ಕೆಲಸ ಎಂದುಕೊಂಡೆ. ಆಮೇಲೆ ಎಡಗಡೆಯ ಎರಡನೆಯ ಹಲ್ಲಿನ ಕಂದು ಗೆರೆ ಕಂಡಿತು.

ಒಂದು ವರ್ಷ, ಭಾನುವಾರ ಭಾನುವಾರ, ನಾನು ಆ ಮುಖ ನೋಡಿದ್ದೇನೆ. ಅದರ ದವಡೆಯನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದಾಗ ಗುರುತು ಸಿಗಲಿಲ್ಲ.

ಅಕ್ಕ ಪೀಠದ ಹತ್ತಿರ ಬಂದು ನಿಂತಳು. ಜನ ಅವಳನ್ನೂ ತಲೆಯನ್ನೂ ನೋಡಿ, ಮತ್ತೆ ಅವಳನ್ನು ನೋಡಿದರು. ಯಾರೋ “ಅಯ್ಯೋ, ತದ್ರೂಪ!” ಎಂದರು. ಒಬ್ಬ ಹೆಂಗಸು ಚಪ್ಪಾಳೆ ತಟ್ಟಿದಳು. ಕಲ್ಲಿನಂತೆ ಬಿಳಿಯಾದ ತುಟಿ, ಮಾಂಸದ ತುಟಿ, ಎರಡೂ ಒಂದೇ ರೀತಿ ತುಂಬಿಕೊಂಡು, ಒಂದೇ ಎತ್ತರದಲ್ಲಿ.

ಮೇಷ್ಟ್ರು ಅಕ್ಕನಿಗೆ ಕೈಮುಗಿದರು. “ಹೊಸ ಹಲ್ಲು ಹಾಕಿಸ್ಕೊಂಡ ಮೇಲೆ ಕೂತ್ರಾ ಅಮ್ಮ ಇದಕ್ಕೆ?”

“ಇಲ್ಲ,” ಎಂದಳು ಅಕ್ಕ. “ಹಲ್ಲು ಬಂದು ಹದಿನೈದು ದಿನ ಆಯ್ತು ಅಷ್ಟೆ. ಇವನ ಮುಂದೆ ಹಾಕ್ಕೊಂಡಿಲ್ಲ, ಇವನಿಗೆ ಗೊತ್ತೂ ಇಲ್ಲ. ಇವತ್ತೇ ನೋಡ್ತಿರೋದು.” ಪ್ರತಿ ಅಕ್ಷರವೂ ಸ್ಪಷ್ಟ. ಆ ದನಿ ನನಗೆ ಮರೆತೇಹೋಗಿತ್ತು.

“ಹಾಗಾದ್ರೆ ಇದನ್ನ ಯಾವ ಬಾಯಿ ನೋಡಿ ಮಾಡಿದ್ರಿ?” ಮೇಷ್ಟ್ರು ನನ್ನ ಕಡೆ ತಿರುಗಿದರು. ಭುಜ ತಟ್ಟಿದರು. “ಒಳ್ಳೇ ಕೆಲಸ. ಹಲ್ಲಿನ ಡಾಕ್ಟ್ರು ನೋಡಿದ್ರೆ ತಗೊಂಡು ಹೋಗಿ ಮುಂದಿನ ಕೋಣೇಲಿ ಇಟ್ಕೋತಾರೆ.”

ಅವರು ಚೀಟಿಯನ್ನು ಮೆಲ್ಲನೆ ತಿರುಗಿಸಿಟ್ಟು ಹೋದರು. ದಯೆಯಿಂದಲೇ ಮಾಡಿದ್ದು.

ಅಕ್ಕ ತಲೆಯ ಕೆಳತುಟಿಯನ್ನು ಬೆರಳ ತುದಿಯಿಂದ ಮುಟ್ಟಿದಳು. “ಹಲ್ಲು ಕಟ್ಟಿಬಿಟ್ಟಿದೀಯಲ್ಲೋ ಇದಕ್ಕೆ,” ಎಂದಳು, ನನಗೆ ಮಾತ್ರ ಕೇಳುವಷ್ಟು. “ಇದಕ್ಕಾ ನಾನು ವರ್ಷವಿಡೀ ಬಾಯಿ ಮುಚ್ಚಿ ಕೂತಿದ್ದು?”

ನಡುಗೆರೆ ಸರಿಯಿಲ್ಲ, ನಾಳೆ ಸೆಟ್ಟು ಕೊಡು, ಅರ್ಧ ಗಂಟೆಯಲ್ಲಿ ಸರಿ ಮಾಡಿಕೊಡುತ್ತೇನೆ ಎಂದೆ.

“ಬೇಡ ಕಣೋ,” ಎಂದಳು. ಕೋಪದಿಂದಲ್ಲ. “ನಿನ್ನ ಕೈಗೆ ಕೊಟ್ಟದ್ದು ವಾಪಸ್ ಬರಲ್ಲ.”

ಪಾಲಿಷ್ ಚೀಲದಿಂದ ಸೇಬು ತೆಗೆದು ಅವಳಿಗೆ ಕೊಟ್ಟಳು. ಸಣ್ಣ ತುಂಡು ಮಾಡಿ ತಿನ್ನಿ, ಹುಷಾರು ಎಂದಳು. ಅಕ್ಕ ಹಾಗೇ ಕಚ್ಚಿದಳು. ಕೆಳಗಿನ ಸೆಟ್ಟು ಎದ್ದು ಬಂತು. ಇಬ್ಬರೂ ಶಾಲಾ ಹುಡುಗಿಯರ ಹಾಗೆ ನಕ್ಕು, ಹೊರಗೆ ಹೋಗಿ ಸರಿಪಡಿಸಿಕೊಂಡು ಬಂದರು.

ಡಿಸೆಂಬರ್ 21

ಅಂಗಡಿಯಿಂದ ಕೈವಾರ ಒಯ್ದು ಪೀಠದ ಮೇಲಿನ ತಲೆಯನ್ನು ಅಳೆದೆ. ಮೂಗಿನ ತುದಿಯಿಂದ ಗದ್ದಕ್ಕೆ, ಅರವತ್ತು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

ಡಿಸೆಂಬರ್ 27

ಅಚ್ಚುಪುಡಿ ಕಂಪನಿಯವರ ಹೊಸ ಡೈರಿ ಬಂದಿದೆ. ಈ ಸಲ ಗೆರೆಗಳು ಹತ್ತು. ಪಾಲಿಷ್‌ಗೆ ಕೊಟ್ಟುಬಿಟ್ಟೆ.

“ನಿಮಗೆ ಬೇಡ್ವಾ ಸಾರ್?”

ಬೇಡ ಎಂದೆ. ಸಂಜೆ ತರಗತಿಗೆ ಬರುವುದಿಲ್ಲವೆಂದು ಮೇಷ್ಟ್ರಿಗೆ ಹೇಳಿಲ್ಲ, ಬರುತ್ತೇನೆ ಎಂದೂ ಹೇಳಿಲ್ಲ. ತಲೆ ಮನೆಗೆ ಬಂದಿದೆ. ಹಿಂದಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿಟ್ಟಿದ್ದೇನೆ. ತಿರುಗುಮಣೆಯ ಮೇಲೆ ಅಕ್ಕ ಇಸ್ತ್ರಿ ಮಾಡಬೇಕಾದ ಬಟ್ಟೆ ಹಾಕಿದ್ದಾಳೆ.

ಗಾರ್ಡಿನ ಶನಿವಾರ ಗಾರ್ಡಿಗೇ ಇರಲಿ ಎಂದು ಗ್ರಂಥಾಲಯದವಳು ಅಕ್ಕನಿಗೆ ಬುಧವಾರ ಕೊಟ್ಟಿದ್ದಾಳಂತೆ, ಜನವರಿಯಿಂದ. ಇದನ್ನು ನನಗೆ ಹೇಳಿದವಳು ಪಾಲಿಷ್.

ಈಗ ಬೆಳಿಗ್ಗೆ ಒಂಬತ್ತು. ಭಾನುವಾರ. ಕೂರಿಕೆಯ ಹೊತ್ತು. ಗೋಡೆಯಾಚೆ ಅಕ್ಕ ಬಾಗಿಲು ಹಾಕಿಕೊಂಡು ಕಥೆಯನ್ನು ಗಟ್ಟಿಯಾಗಿ ಹೇಳಿ ನೋಡಿಕೊಳ್ಳುತ್ತಿದ್ದಾಳೆ, ಮೊದಲಿನಿಂದ. ಕರಡಿಗೆ ಒಂದು ದನಿ, ದರ್ಜಿಗೆ ಒಂದು, ಚಳಿಗಾಲಕ್ಕೂ ಒಂದು. ನಾಟಕದ ಶಾಲೆಗೆ ಹೋಗಬೇಕಾಗಿದ್ದ ದನಿ ಇದೇ ಇರಬೇಕು. ಐದಾರು ವಾಕ್ಯಕ್ಕೊಮ್ಮೆ ಟಕ್ ಎಂಬ ಸದ್ದು. ನಾಲಿಗೆ ಕೆಳಗಿನ ಸೆಟ್ಟನ್ನು ಎತ್ತುತ್ತಿದೆ, ಅದು ಮತ್ತೆ ಬೀಳುತ್ತಿದೆ. ಬೇರೆಯವರಿಗೆ ಕೇಳಿಸಲಿಕ್ಕಿಲ್ಲ. ಕಸುಬಿನವನಿಗೆ ಕೇಳಿಸುತ್ತದೆ. ಮಾರ್ಚಿನಲ್ಲಿ ಕಟ್ಟಿದ್ದರೆ ಇರುತ್ತಿರಲಿಲ್ಲ. ಈ ವರ್ಷ ನಾನು ನಿಜಕ್ಕೂ ಮಾಡಿದ್ದು ಆ ಸದ್ದು ಒಂದನ್ನೇ, ಯಾರೂ ಹೇಳದೆ, ಯಾರ ಅಳತೆಗೂ ಅಲ್ಲದೆ.

“ಕರಡಿ ಕೊನೇ ಮನೆಗೆ ಬಂತು,” ಎನ್ನುತ್ತಿದ್ದಾಳೆ. “ಚೀಲ ಕೆಳಗಿಟ್ಟು, ಬಾಗಿಲು ತಟ್ಟಿತು.”

ಟಕ್.

ಮಕ್ಕಳು ಅದನ್ನು ಬಾಗಿಲಿನ ಸದ್ದು ಎಂದುಕೊಳ್ಳುತ್ತಾರೆ. ನಾನು ಎದ್ದು ಹೋಗಿ ತೆರೆಯಲಿಲ್ಲ.